ವೃಂದಗಾನದಲ್ಲಿ ಕಿವಿಯ ನಾಯಕತ್ವ: ಕೃಷ್ಣಾತೀರದಿಂದ ಗದಗಿನವರೆಗೆ

ಸಂಗೀತದ ಚರಿತ್ರೆಯೆಂದರೆ ಒಬ್ಬೊಬ್ಬರೇ ಹಾಡಿದ ಮಹಾಗಾಯಕರ ಚರಿತ್ರೆಯೆಂಬ ಭಾವನೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ 13ನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಗಾಯಕವೃಂದವನ್ನು ಕುರಿತು ಪ್ರತ್ಯೇಕವಾಗಿಯೇ ವಿವೇಚಿಸಿದ್ದಾನೆ. ಅವನು ಹೇಳುವ ಉತ್ತಮ ವೃಂದದಲ್ಲಿ 4 ಮಂದಿ ಮುಖ್ಯ ಗಾಯಕರು, 8 ಮಂದಿ ಸಹಗಾಯಕರು, 12 ಮಂದಿ ಗಾಯಕಿಯರು, 4 ಮಂದಿ ಕೊಳಲಿನವರು, 4 ಮಂದಿ ಮೃದಂಗದವರು, ಹೀಗೆ ಒಟ್ಟು 32 ಮಂದಿ ಇರತಕ್ಕದ್ದು. ಇಂಥ ವೃಂದವನ್ನು ನಡೆಸುವವನು ಯಾವ ರೀತಿಯಿಂದ ನಡೆಸುತ್ತಾನೆ? ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದು. ಆದರೆ ಕಣ್ಣಿಲ್ಲದವನಿಗೆ ಸಂಗೀತದಲ್ಲಿ ಯಾವ ಸ್ಥಾನವು ದೊರೆಯಬಲ್ಲದೆಂಬುದು ಇದರ ಉತ್ತರವನ್ನು ಅವಲಂಬಿಸಿದೆ.

ಪಾಶ್ಚಾತ್ಯರ ವೃಂದಗಾನದಲ್ಲಿ ಬೇರೆ ಬೇರೆ ಗುಂಪುಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಹಾಡುತ್ತವೆ. ಎದುರಿಗೆ ಸ್ವರಲಿಪಿಯ ಹಾಳೆ. ಅದರಾಚೆ ಕೈಸನ್ನೆಯಿಂದ ಎಲ್ಲರನ್ನೂ ನಡೆಸುವ ನಿರ್ದೇಶಕ. ಅಲ್ಲಿ ಕಣ್ಣಿನ ಕೆಲಸವು ಬಹಳ. ನಮ್ಮ ಮೇಳಗಳ ಕ್ರಮವು ಬೇರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಭಜನೆಯ ಮೇಳವನ್ನಾಗಲಿ ಗೀಗೀ ಮೇಳವನ್ನಾಗಲಿ ಕೇಳಿದವರಿಗೆ ಇದು ತಿಳಿದ ಸಂಗತಿ. ಗೀಗೀ ಹಾಡಿನಲ್ಲಿ ಮುಂದಾಳು ಡಪ್ಪು ಬಾರಿಸುತ್ತ ನುಡಿಯನ್ನು ಎತ್ತುತ್ತಾನೆ. ತುಂತುಣಿ, ತಾಳಗಳ ಹಿಮ್ಮೇಳದವರು ಪಲ್ಲವಿಯನ್ನು ಹಿಡಿಯುತ್ತಾರೆ. ಎಲ್ಲರದೂ ಒಂದೇ ಧಾಟಿ. ಯಾವಾಗ ಸೇರಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತಿಳಿಸುವುದು ಕೈಯ ಚಲನೆಯಲ್ಲ, ದನಿ ಮತ್ತು ತಾಳ. ಆದುದರಿಂದ ಇಂಥ ಮೇಳದಲ್ಲಿ ಕುರುಡನು ಹಿಂದೆ ಕುಳಿತು ದನಿಗೂಡಿಸುವುದಷ್ಟೇ ಅಲ್ಲ, ಮುಂದೆ ಕುಳಿತು ಮೇಳವನ್ನು ನಡೆಸಲೂ ಬಲ್ಲನು. ಈ ಮಾತಿಗೆ ಚರಿತ್ರೆಯಲ್ಲಿ ಆಧಾರವುಂಟೆ?

ಆಧಾರವು ಈ ಐದು ತಾಲೂಕುಗಳ ಗಡಿಗೆ ಹತ್ತಿಕೊಂಡೇ ದೊರೆಯುತ್ತದೆ. ಕೃಷ್ಣೆಯು ನಮ್ಮ ಸೀಮೆಯನ್ನು ಪ್ರವೇಶಿಸುವ ಮೊದಲು ಪಂಚಗಂಗೆಯನ್ನು ಕೂಡಿಕೊಳ್ಳುವ ಸ್ಥಳದ ಸಮೀಪದಲ್ಲಿ ಕುರುಂದವಾಡವಿದೆ. ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಅಲ್ಲಿಯೇ ಜನಿಸಿದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಅವರ ಕಣ್ಣುಗಳಿಗೆ ಪೆಟ್ಟಾಯಿತು. ಓದು ನಿಂತಿತು, ಸಂಗೀತವು ಪ್ರಾರಂಭವಾಯಿತು. ಕಾಗವಾಡದಿಂದ ಕೆಲವೇ ಹರಿದಾರಿಗಳಾಚೆಯ ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜಿಕರರಲ್ಲಿ ಅವರು ಗ್ವಾಲಿಯರ ಪದ್ಧತಿಯನ್ನು ಅಭ್ಯಾಸ ಮಾಡಿದರು. 1901ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅರಮನೆಯ ಆಶ್ರಯದಲ್ಲಿದ್ದ ವಿದ್ಯೆಯು ಅಲ್ಲಿ ಸಾರ್ವಜನಿಕರ ಹಣದಿಂದ, ಸಾರ್ವಜನಿಕರಿಗಾಗಿ ತರಗತಿಯೊಳಗೆ ಬಂದಿತು. ರಾಮಧುನಿನ ಪ್ರಸಿದ್ಧ ಧಾಟಿಯನ್ನು ಅವರದೆಂದೇ ಸಾಮಾನ್ಯವಾಗಿ ಹೇಳಲಾಗುತ್ತದೆ. 1930ರ ದಂಡಿಯಾತ್ರೆಯಲ್ಲಿ ಜನರು ಅದನ್ನು ಹಾಡುತ್ತ ನಡೆದರು. ಸಂಗೀತವನ್ನು ಕಲಿಯದ ಜನಸಮುದಾಯವೂ ಒಂದು ವೃಂದವಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ.

ಅದೇ ಮಿರಜಿನ ಪರಂಪರೆಯು ಇನ್ನೊಂದು ದಾರಿಯಿಂದ ಕನ್ನಡ ನಾಡಿನ ಒಳಕ್ಕೆ ಹರಿಯಿತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಅಂಧ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದರು. ಈ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳೆನಿಸಿದನು. ಕರ್ನಾಟಕ ಪದ್ಧತಿಯೊಡನೆ, ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನೀ ಪದ್ಧತಿಯನ್ನೂ ಗವಾಯಿಗಳು ಸಂಪಾದಿಸಿದರು. ತಾವು ಪಡೆದುದನ್ನು ಅಂಧರಿಗೆ, ಅನಾಥರಿಗೆ ಹಂಚಲು ಊರೂರು ಸಂಚರಿಸುವ ಪಾಠಶಾಲೆಯನ್ನು ನಡೆಸಿದರು. ಅದೇ ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಬಸವರಾಜ ರಾಜಗುರುಗಳಂಥ ಕಣ್ಣುಳ್ಳ ಶಿಷ್ಯರೂ ಅವರಲ್ಲಿ ಕಲಿತರೆಂಬುದನ್ನು ಗಮನಿಸಬೇಕು. ಅಲ್ಲಿ ಕಣ್ಣುಳ್ಳವನಿಗೆ ಕಣ್ಣಿಲ್ಲದವನೇ ಗುರು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. 1914ರಲ್ಲಿ ದೇವಗಿರಿಯಲ್ಲಿ ಜನಿಸಿದ ಅವರಿಗೆ ಆಗ ವಯಸ್ಸು 30. ಶೈಶವದಲ್ಲಿಯೇ ದೃಷ್ಟಿಯು ಹೋಗಿತ್ತು. ನೂರಾರು ಮಕ್ಕಳ ಅನ್ನಕ್ಕೆ ಗತಿಯೇನು? ಆಶ್ರಮದ ನಾಟಕ ಮಂಡಳಿಯು ಇದಕ್ಕೆ ಒಂದು ಉತ್ತರವಾಯಿತು. ಪುಟ್ಟರಾಜರು ನಾಟಕಗಳನ್ನು ಬರೆದರು; ಹಾಡುಗಳಿಗೆ ರಾಗವನ್ನು ಕೂಡಿಸಿದರು; ಹಾಡುವವರನ್ನೂ ನುಡಿಸುವವರನ್ನೂ ಸಿದ್ಧಪಡಿಸಿದರು. ಹೀಗೆ ಮೇಳವೇ ಪಾಠವಾಯಿತು, ಅದೇ ಜೀವನೋಪಾಯವೂ ಆಯಿತು. 2010ರಲ್ಲಿ ದೇಹವಿಡುವವರೆಗೆ 66 ವರ್ಷಗಳ ಕಾಲ ಅವರು ಆಶ್ರಮವನ್ನು ನಡೆಸಿದರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿಯು ಅವರಿಗೆ ಸಂದಿತ್ತು. ಇಂದು ಸುಪ್ರಸಿದ್ಧರಾಗಿರುವ ವೆಂಕಟೇಶಕುಮಾರರು ಅವರ ಬಳಿ 12 ವರ್ಷ ಅಭ್ಯಾಸ ಮಾಡಿದವರು.

ಈ ಮೂವರ ಜೀವನವನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಅಂಧನಿಗೆ ಸಂಗೀತವನ್ನು ಕಲಿಸುವುದು ದಯೆಯ ಕಾರ್ಯವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ದಯೆಯು ಭಿಕ್ಷೆಯನ್ನು ಕೊಟ್ಟೀತು, ಅಧಿಕಾರವನ್ನು ಕೊಡಲಾರದು. ಈ ಮೂವರಿಗೆ ದೊರೆತುದು ಕಠಿಣವಾದ ಶಿಕ್ಷಣ. ಅದರಿಂದ ಬಂದುದು ಕಲಿಸುವ, ನಡೆಸುವ ಅಧಿಕಾರ. ಕಿವಿಯಿಂದಲೇ ಕಲಿತು ಕಿವಿಯಿಂದಲೇ ನಡೆಸುವ ನಮ್ಮ ಪದ್ಧತಿಯು ಅದಕ್ಕೆ ಅನುಕೂಲವಾಗಿತ್ತು.

ನಮ್ಮ ಕಾಲೇಜುಗಳ ಸಮೂಹಗಾನದಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಯನ್ನು ಸಾಲಿನ ಕೊನೆಗೆ ನಿಲ್ಲಿಸುವ ಮೊದಲು ಅಧ್ಯಾಪಕರು ಇದನ್ನು ನೆನೆಯಬೇಕು. ವಿದ್ಯಾರ್ಥಿಗಳಾದರೋ ತಮ್ಮ ತಮ್ಮ ಊರುಗಳ ಮೇಳಗಳಿಗೆ ಹೋಗಿ, ಹಾಡನ್ನು ಎತ್ತುವವರು ಯಾರು, ಅವರು ಯಾರಿಂದ ಕಲಿತರು ಎಂಬುದನ್ನು ಬರೆದಿಡಲಿ. ಅಥಣಿ, ರಾಯಬಾಗಗಳ ಸಂಗೀತಚರಿತ್ರೆಯನ್ನು ಅಲ್ಲಿಂದಲೇ ಆರಂಭಿಸಬೇಕಾಗಿದೆ.