ಎರಿ ಭೂಮಿಯ ಕಲ್ಲು, ಕಡಲಿನ ಕಡತ

ಧಾರವಾಡ ಬಿಟ್ಟು ಬೆಳಗಾವಿ ರಸ್ತೆ ಹಿಡಿದರೆ ಊರ ಬೆನ್ನಿಗೇ ನರೇಂದ್ರ ಎಂಬ ಹಳ್ಳಿ ಇದೆ. ಅಲ್ಲಿ ಸಿಕ್ಕ 12ನೆಯ ಶತಮಾನದ ಶಾಸನ ಗೋವೆಯ ಕದಂಬರ ದೊರೆ ಚಟ್ಟಯ್ಯನನ್ನು ಕೊಂಡಾಡುತ್ತದೆ. ಅವನ ಹಡಗುಗಳ ಸಾಲು ಲಂಕೆಯವರೆಗೆ ಸೇತುವೆಯಂತೆ ಚಾಚಿತ್ತು ಎನ್ನುತ್ತಾನೆ ಶಾಸನದ ಕವಿ. ಹೊಗಳಿಕೆಯ ಮಾತಾದ್ದರಿಂದ ಅದರಲ್ಲಿ ಒಂದಿಷ್ಟು ಕಳೆದುಕೊಂಡೇ ಓದಬೇಕು. ಆದರೆ ಅಲೆಯ ಸದ್ದು ಎಂದೂ ಕೇಳದ ನೆಲದಲ್ಲಿ ನಿಂತ ಕಲ್ಲಿಗೆ ಹಡಗಿನ ಮಾತು ಬಂದದ್ದು ಹೇಗೆ?

ಗೋವೆಯ ಕದಂಬರ ರಾಜ್ಯದ ನಕ್ಷೆ ನೋಡಿದರೆ ಉತ್ತರ ಸಿಗುತ್ತದೆ. ಕೊಂಕಣ 900 ಮತ್ತು ಹಲಸಿಗೆ 12,000 ಎಂಬ ಎರಡು ನಾಡುಗಳು ಅವರ ಕೈಯಲ್ಲಿದ್ದವು. ಒಂದು ಘಟ್ಟದ ಕೆಳಗೆ, ಇನ್ನೊಂದು ಘಟ್ಟದ ಮೇಲೆ. ಗೋಪಕಪಟ್ಟಣದ ಬಂದರಿನಲ್ಲಿ ಸುಂಕ ಎತ್ತುತ್ತಿದ್ದವರೇ ಕಲಘಟಗಿ ತಾಲೂಕಿನ ತಂಬೂರಿನಂಥ ಊರುಗಳಲ್ಲೂ ಗುಡಿಗಳಿಗೆ ನೆರಳಾಗಿದ್ದರು. ಕಡಲು ಮತ್ತು ಬಯಲು ಒಂದೇ ಆಳ್ವಿಕೆಯ ಎರಡು ಅಂಗಗಳಾಗಿದ್ದ ಕಾಲ ಅದು. ಈಗ ಅವೆರಡನ್ನೂ ಬೇರೆಬೇರೆ ವಿಭಾಗಗಳಲ್ಲಿ, ಬೇರೆಬೇರೆ ಊರುಗಳಲ್ಲಿ ಓದಿಸುತ್ತೇವೆ. ಒಂದು ಪ್ರದೇಶದ ಚರಿತ್ರೆಯನ್ನೂ ಅದರ ಸಮುದ್ರ ಸಂಬಂಧವನ್ನೂ ಒಟ್ಟಿಗೆ ಅಧ್ಯಯನ ಮಾಡುವ ಸಂಶೋಧನಾಲಯದ ಮಾತು ಬಂದಾಗ ಧಾರವಾಡ ಸೀಮೆಯ ಅನುಭವ ನೆನೆಯಬೇಕಾದದ್ದು. ಆ ಕೆಲಸದ ಅರ್ಧ ಇಲ್ಲಿ ಜನರ ಸ್ವಂತ ದುಡಿಮೆಯಿಂದಲೇ ಶುರುವಾಗಿತ್ತು.

ಆ ದುಡಿಮೆಯ ಹಿನ್ನೆಲೆ ತಿಳಿಯಲು ಒಂದು ಊರಿನ ಕಲ್ಲು ನೋಡೋಣ. ಹುಬ್ಬಳ್ಳಿ–ಹಾವೇರಿ ರೈಲು ಮಾರ್ಗದಲ್ಲಿ ಕುಂದಗೋಳ, ಸಂಶಿ ದಾಟಿದರೆ ಗುಡಗೇರಿ ನಿಲ್ದಾಣ. ಈ ಊರಿನ ಜೈನ ಶಾಸನ ಶಕ 998ರದು, ಅಂದರೆ ಕ್ರಿ.ಶ. 1076-77ರದು. ಅದು ಕಲ್ಯಾಣದ ಚಾಲುಕ್ಯರ ಕಾಲ. ಶ್ರೀನಂದಿ ಪಂಡಿತ ಎಂಬ ಜೈನ ಗುರುವನ್ನು ಅದು ಹೆಸರಿಸುತ್ತದೆ. ಜೊತೆಗೆ ಅದಕ್ಕೂ ಮುನ್ನೂರು ವರ್ಷಕ್ಕೆ ಮೀರಿದ ಹಳೆಯ ನೆನಪೊಂದನ್ನು ಕಾಪಿಟ್ಟಿದೆ: ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿ ಕಟ್ಟಿಸಿದ ಸಂಗತಿ. ಬಾದಾಮಿಯ ಅರಸುಮನೆಯ ಹೆಣ್ಣುಮಗಳೊಬ್ಬಳ ಕೆಲಸ ಗುಡಗೇರಿಯ ಕಲ್ಲಿನಿಂದ ನಮಗೆ ತಿಳಿಯಿತು.

ಈ ಶಾಸನ ಓದಿ ‘ಇಂಡಿಯನ್ ಆಂಟಿಕ್ವರಿ’ಯ 18ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್. ಮುಂಬಯಿ ಸರಕಾರದ ಅಧಿಕಾರಿ. ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಬರೆದವರೂ ಅವರೇ. ಆ ದುಡಿಮೆಗೆ ಕೈ ಮುಗಿಯಲೇಬೇಕು. ಆದರೂ ನಮ್ಮ ಊರ ಕಲ್ಲನ್ನು ನಮಗೆ ಓದಿ ಹೇಳಲು ಹೊರಗಿನವರು ಬರಬೇಕಾಯಿತಲ್ಲ ಎಂಬ ಅಳಲು ಧಾರವಾಡದ ಓದಿದ ತಲೆಮಾರಿನಲ್ಲಿ ಉಳಿಯಿತು.

1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘದ ಕಣ್ಣು ಭಾಷೆಯ ಮೇಲೆ, ಪುಸ್ತಕಗಳ ಮೇಲೆ ಇತ್ತು. ಚರಿತ್ರೆಯನ್ನೇ ಹಿಡಿದು ಹೊರಟವರು ಆಲೂರು ವೆಂಕಟರಾಯರು. ವಕೀಲಿ ಓದಿದವರು, 1905ರಲ್ಲಿ ಹಂಪೆ ಕಂಡು ಬಂದಮೇಲೆ ಬೇರೆಯದೇ ಮನುಷ್ಯರಾದವರು. ಪುಣೆಯಲ್ಲಿ ಇತಿಹಾಸಕಾರ ರಾಜವಾಡೆಯವರ ಇತಿಹಾಸ ಸಂಶೋಧಕ ಮಂಡಲ ಶುರುವಾದದ್ದು 1910ರಲ್ಲಿ. ನಾಲ್ಕೇ ವರ್ಷಕ್ಕೆ, 1914ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲ ತಲೆಯೆತ್ತಿತು. ಅದರ ಹಿಂದೆ ಸಂಸ್ಥಾನವಿರಲಿಲ್ಲ, ಸರಕಾರವಿರಲಿಲ್ಲ. ವಕೀಲರು, ಮಾಸ್ತರರು ಸೇರಿ ಕಟ್ಟಿದ್ದು. ಖಾಸಗಿ ಸಂಶೋಧನಾ ಸಂಸ್ಥೆ ಎಂದು ಈಗ ಕರೆಯುವುದರ ನಿಜವಾದ ಮೊದಲ ರೂಪ ನಮ್ಮ ಕಡೆ ಇದೇ. 1917ರಲ್ಲಿ ಆಲೂರರ ‘ಕರ್ನಾಟಕ ಗತವೈಭವ’ ಬಂತು.

1939ರಲ್ಲಿ ಮುಂಬಯಿ ಸರಕಾರವೇ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆಯಿತು. ಆರ್.ಎಸ್. ಪಂಚಮುಖಿ ಅದರ ನಿರ್ದೇಶಕರು. ಹಳ್ಳಿಹಳ್ಳಿಯಿಂದ ಬಂದ ಶಾಸನ, ಶಿಲ್ಪ, ತಾಳೆಗರಿಗಳಿಗೆ ಒಂದು ಮನೆಯಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು. ಮುಂದೆ ಸಂಸ್ಥೆ ಅದರ ಅಂಗವಾಯಿತು. ಎಂ.ಎಂ. ಕಲಬುರ್ಗಿಯವರು ಧಾರವಾಡ ಜಿಲ್ಲೆಯ ಶಾಸನಗಳ ಸೂಚಿ ಸಿದ್ಧಪಡಿಸಿದ್ದು ಈ ಪರಂಪರೆಯಲ್ಲೇ. ಕಡಲಿನ ಜೀವಶಾಸ್ತ್ರಕ್ಕೆ ಇದೇ ವಿಶ್ವವಿದ್ಯಾಲಯ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ, ನೆಲೆ ಮಾಡಿಕೊಂಡಿತು. ಹೀಗೆ ಒಂದೇ ವಿಶ್ವವಿದ್ಯಾಲಯದಡಿ ಶಾಸನ ಓದುವವರೂ ಮೀನು, ಚಿಪ್ಪು, ಪಾಚಿ ಅಭ್ಯಾಸ ಮಾಡುವವರೂ ಬಂದರು. ಇಬ್ಬರ ನಡುವೆ ಘಟ್ಟ ನಿಂತಿತು.

ಕರಾವಳಿಯ ಕಥೆ ಬೇರೆ ದಾರಿ ಹಿಡಿಯಿತು. ಮಂಜೇಶ್ವರದಲ್ಲಿ ಗೋವಿಂದ ಪೈ ತಮ್ಮ ಮನೆಯನ್ನೇ ಗ್ರಂಥಭಂಡಾರ ಮಾಡಿಕೊಂಡು ಕುಳಿತರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಹಾಳೆಯಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಗೆ ಅವರೂ ಇಳಿದರು. ಆ ವಾದ ಇನ್ನೂ ತೀರ್ಮಾನವಾಗಿಲ್ಲ, ಆದರೆ ನಮ್ಮ ಕಡಲಿನ ಆಚೆ ದಡವನ್ನು ಕನ್ನಡದ ಕಣ್ಣಿನಿಂದ ನೋಡಲು ನಾವು ಕಲಿತದ್ದು ಅಂಥವರಿಂದ. ಪಾದೂರು ಗುರುರಾಜ ಭಟ್ಟರು ತುಳುನಾಡಿನ ಊರೂರು ಸುತ್ತಿ 1975ರಲ್ಲಿ ತಮ್ಮ ದೊಡ್ಡ ಗ್ರಂಥ ಹೊರತಂದರು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾಯಿತು, ದೇಶದಲ್ಲೇ ಮೊದಲನೆಯದು. ಇನ್ನು ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್. ಲೋಥಲ್‌ನ ಹಡಗುಕಟ್ಟೆ ಅಗೆದು ತೆಗೆದ ಮೈಸೂರು ವಿಶ್ವವಿದ್ಯಾಲಯದ ಈ ವಿದ್ಯಾರ್ಥಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ಕೇಂದ್ರ ಕಟ್ಟಿ, ದ್ವಾರಕೆಯ ನೀರೊಳಗೆ ಶೋಧ ನಡೆಸಿದರು. ಭಾರತದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಕನ್ನಡಿಗರು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದ ಮಾತು.

ಎರಡೂ ದಾರಿಗಳು ಕೂಡುವ ಜಾಗ ಯಾವುದು ಎಂದರೆ ಹತ್ತಿ. ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳಲ್ಲಿ ಬೆಳೆದ ನಾಡ ಹತ್ತಿಗೆ ವ್ಯಾಪಾರದಲ್ಲಿ ಇದ್ದ ಹೆಸರು ‘ಕುಮಟಾ’. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಇಲ್ಲಿಯ ಅಂಡಗಿಗಳು ಎತ್ತಿನ ಬಂಡಿಗಳ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟೆ ಬಂದರು ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದವು. ಬಂದರಿನ ಹೆಸರೇ ಬೆಳೆಗೆ ನಿಂತಿತು. 1840ರ ದಶಕದಲ್ಲಿ ಬ್ರಿಟಿಷರು ನ್ಯೂ ಆರ್ಲಿಯನ್ಸ್ ಬೀಜ ತಂದು ಹಬ್ಬಿಸಿದ ತಳಿಗೆ ‘ಧಾರವಾಡ ಅಮೆರಿಕನ್’ ಎಂಬ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡದ ಕಡೆ ತಿರುಗಿದವು. ಬೆಲೆ ಏರಿತು. ಒಳ್ಳೆಯ ಬಂದರು ಬೇಕೆಂಬ ಒತ್ತಾಯ ಜೋರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರು ಬೆಳೆಸುವ ಲೆಕ್ಕಾಚಾರವಿತ್ತು. ಒಂದು ಜಿಲ್ಲೆಯ ಗಡಿಯನ್ನೇ ಬದಲಿಸುವಷ್ಟು ಬಲ ಈ ಅರಳೆಗಿತ್ತು.

ಆಮೇಲೆ ರೈಲು ಬಂತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ಮೂಲಕ ಮುರಗಾಂವ ಬಂದರಿಗೆ ಹಳಿ ಕೂಡಿದಾಗ ಸರಕು ಅತ್ತ ಹೊರಳಿತು, ಕುಮಟೆ ಸೊರಗಿತು. ಯಾರ ಮನೆಯ ಬಂಡಿಗಳು ಯಾವ ಹಂಗಾಮಿನಲ್ಲಿ ಘಟ್ಟ ಇಳಿದವು, ದಾರಿಯಲ್ಲಿ ಎಲ್ಲಿ ತಂಗಿದವು, ಬರುವಾಗ ಉಪ್ಪು, ಕೊಬ್ಬರಿ ಎಷ್ಟು ಹೇರಿಕೊಂಡು ಬಂದವು, ದಲಾಲಿ ಎಷ್ಟು ಬಿತ್ತು: ಗೆಜೆಟಿಯರ್‌ಗಳಲ್ಲಿ ಒಟ್ಟು ಲೆಕ್ಕ ಸಿಗುತ್ತದೆ, ರೈತನ ಲೆಕ್ಕ ಸಿಗುವುದಿಲ್ಲ. ಅದನ್ನು ಬರೆಯಬೇಕಾದವರಿಗೆ ಶಾಸನವೂ ಗೊತ್ತಿರಬೇಕು, ಹಳೆಯ ಕಾಗದಪತ್ರಗಳ ಮೋಡಿ ಲಿಪಿಯೂ ಬರಬೇಕು, ಹತ್ತಿಯ ತಳಿಯೂ ತಿಳಿದಿರಬೇಕು, ಮಳೆಗಾಲದಲ್ಲಿ ಬಂದರು ಮುಚ್ಚುವುದು ಏಕೆಂಬುದೂ ಗೊತ್ತಿರಬೇಕು.

ಅಂಥವರನ್ನು ತಯಾರು ಮಾಡುವ ಮನೆ ಬೇಕಾಗಿದೆ. ಸಂಶೋಧನೆಗೇ ಮೀಸಲಾದ ವಿಶ್ವವಿದ್ಯಾಲಯ ಕನ್ನಡಕ್ಕೆ ಹೊಸದಲ್ಲ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆ ಉದ್ದೇಶದಿಂದಲೇ ಹುಟ್ಟಿತು. ಖಾಸಗಿ ವಿಶ್ವವಿದ್ಯಾಲಯಗಳಿಗಂತೂ ರಾಜ್ಯದಲ್ಲಿ ಕೊರತೆಯಿಲ್ಲ, ಆದರೆ ಅವುಗಳ ಒಲವು ವೈದ್ಯಕೀಯ, ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಡೆಗೇ ಹೆಚ್ಚು. 1914ರಲ್ಲಿ ವಕೀಲರು, ಮಾಸ್ತರರು ತೋರಿದ ಧೈರ್ಯವನ್ನು ಇವತ್ತಿನ ಉದ್ಯಮಿಗಳು, ಮಠಗಳು ತೋರಬಾರದೇಕೆ? ಘಟ್ಟದ ಎರಡೂ ಬದಿಗೆ ಕಾಲಿಟ್ಟು ನಿಲ್ಲುವ ಒಂದು ಅಧ್ಯಯನ ಪೀಠದಿಂದಲಾದರೂ ಶುರುವಾಗಲಿ.

ಅಲ್ಲಿಯವರೆಗೆ ಗುಡಗೇರಿ, ಸಂಶಿ, ಕುಂದಗೋಳದ ಹಿರಿಯರಲ್ಲಿ ಒಂದು ಬೇಡಿಕೆ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕಾಲದ ಮೋಡಿ ಕಾಗದಗಳು, ಅಡತಿ ಅಂಗಡಿಗಳ ಕಿರ್ದಿ ಖಾತೆಗಳು, ಹತ್ತಿ ಪಾವತಿಗಳು ಅಟ್ಟದ ಮೇಲಿದ್ದರೆ ಅವನ್ನು ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರಿಗೆ ಒಮ್ಮೆ ತೋರಿಸಿ.