ಲಿಂಗತ್ವ ಅಲ್ಪಸಂಖ್ಯಾತರು: ಅರಿವು ಮತ್ತು ಆಸರೆ

ಈ ಆರೋಗ್ಯ ವಿಭಾಗದಲ್ಲಿ ಮಧುಮೇಹ, ಸಂಧಿವಾತ, ಅಜೀರ್ಣ, ನಿದ್ರಾಹೀನತೆ ಮೊದಲಾದ ವ್ಯಾಧಿಗಳ ಕುರಿತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ವ್ಯಾಧಿಯಲ್ಲದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದನ್ನು ವ್ಯಾಧಿಯೆಂದು ತಿಳಿದು ಔಷಧ ಕೇಳಿಕೊಂಡು ಬರುವ ತಂದೆತಾಯಿಯರು ಇಂದಿಗೂ ಇದ್ದಾರೆ. ಔಷಧ ಫಲಿಸದಿದ್ದಾಗ ಮಕ್ಕಳನ್ನು ಹೊಡೆಯುವವರೂ, ಮನೆಯಿಂದ ಹೊರಹಾಕುವವರೂ ಇದ್ದಾರೆ. ಆದುದರಿಂದ ಈ ಮಾತನ್ನು ವೈದ್ಯರಾದವರೇ ಹೇಳಬೇಕೆಂದು ನಮಗೆ ತೋರಿತು.

ಯಾರು ಇವರು?

‘ಲಿಂಗ’ವೆಂಬ ಪದವು ಸದ್ಭಕ್ತರಿಗೆ ಪೂಜ್ಯವಾದ ಬೇರೊಂದು ಅರ್ಥದಲ್ಲಿ ಪರಿಚಿತವಾಗಿದೆ. ಈ ಲೇಖನದಲ್ಲಿ ಅದನ್ನು ಪುಲ್ಲಿಂಗ, ಸ್ತ್ರೀಲಿಂಗ ಎಂದು ವ್ಯಾಕರಣದಲ್ಲಿ ಹೇಳುವ ಅರ್ಥದಲ್ಲಿ ಮಾತ್ರ ಗ್ರಹಿಸಬೇಕು.

ಮಗು ಹುಟ್ಟಿದೊಡನೆ ದೇಹದ ಗುರುತನ್ನು ನೋಡಿ ಗಂಡು ಅಥವಾ ಹೆಣ್ಣು ಎನ್ನುತ್ತೇವೆ. ಮೂರು ನಾಲ್ಕು ವರ್ಷದ ಹೊತ್ತಿಗೆ ಮಗುವೂ ತಾನು ಯಾರೆಂಬುದನ್ನು ಹೇಳಲು ಕಲಿಯುತ್ತದೆ. ಬಹುಪಾಲು ಜನರಲ್ಲಿ ನಾವು ಹೇಳಿದ್ದೂ ಮಗು ಕಂಡುಕೊಂಡದ್ದೂ ಒಂದೇ ಆಗಿರುತ್ತದೆ. ಕೆಲವರಲ್ಲಿ ಹಾಗಾಗುವುದಿಲ್ಲ. ಗಂಡುದೇಹದಲ್ಲಿ ಹುಟ್ಟಿದವರಿಗೆ ತಾವು ಹೆಣ್ಣೆಂಬ ಅರಿವು, ಹೆಣ್ಣುದೇಹದಲ್ಲಿ ಹುಟ್ಟಿದವರಿಗೆ ತಾವು ಗಂಡೆಂಬ ಅರಿವು, ಕೆಲವರಿಗೆ ತಾವು ಎರಡೂ ಅಲ್ಲವೆಂಬ ಅರಿವು ಬಲವಾಗಿ, ನಿರಂತರವಾಗಿ ಇರುತ್ತದೆ. ಇವರನ್ನು ಲಿಂಗತ್ವ ಅಲ್ಪಸಂಖ್ಯಾತರು, ತೃತೀಯಲಿಂಗಿಗಳು, ಮಂಗಳಮುಖಿಯರು ಎಂಬ ಹೆಸರುಗಳಿಂದ ಕರೆಯುತ್ತೇವೆ. ಬೀದಿಯಲ್ಲಿ ಇವರಿಗೆ ಅಂಟಿಸಿದ ಬೈಗುಳಗಳೂ ಹಲವಿವೆ. ಒಂದು ಸಂಖ್ಯೆಯನ್ನೇ ಬೈಗುಳವಾಗಿಸಿದ ಸಮಾಜ ನಮ್ಮದು. ಅಂಥ ಮಾತು ಭಕ್ತರ ಬಾಯಲ್ಲಿ ಬರಬಾರದು.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ತಿಳಿಯಬೇಕು. ಹುಟ್ಟುವಾಗಲೇ ಜನನಾಂಗದ ರಚನೆಯು ಗಂಡೋ ಹೆಣ್ಣೋ ಎಂದು ಸ್ಪಷ್ಟವಾಗದ ಶಿಶುಗಳಿರುತ್ತವೆ. ಅವರನ್ನು ಅಂತರ್ಲಿಂಗಿಗಳೆನ್ನುತ್ತಾರೆ. ಅಂಥ ಶಿಶುವನ್ನು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅಡ್ರಿನಲ್ ಗ್ರಂಥಿಯ ದೋಷದಿಂದ ಹೀಗಾಗಿದ್ದರೆ, ಮೊದಲ ಕೆಲವು ವಾರಗಳಲ್ಲಿಯೇ ದೇಹದ ಲವಣಾಂಶ ನಷ್ಟವಾಗಿ ಪ್ರಾಣಕ್ಕೆ ಅಪಾಯ ಉಂಟಾಗಬಹುದು. ಎರಡನೆಯದಾಗಿ, ಅಡುಗೆಯಾಟ ಆಡುವ ಗಂಡುಮಗುವೆಲ್ಲ, ಮರ ಹತ್ತುವ ಹೆಣ್ಣುಮಗುವೆಲ್ಲ ಲಿಂಗತ್ವ ಅಲ್ಪಸಂಖ್ಯಾತರಲ್ಲ. ಆಟಕ್ಕೂ ಅರಿವಿಗೂ ವ್ಯತ್ಯಾಸವಿದೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುದರ ಜೊತೆಗೆ ‘ಇತರೆ’ ಎಂಬ ಕಲಮು ಸೇರಿತ್ತು. ಅದರಡಿ ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ದಾಖಲಾದರು. ಮನೆಯವರ ಭಯದಿಂದ ಹೇಳಿಕೊಳ್ಳದೆ ಉಳಿದವರು ಈ ಲೆಕ್ಕದ ಹೊರಗಿದ್ದಾರೆ.

ಪ್ರಾಚೀನ ವೈದ್ಯಗ್ರಂಥಗಳಲ್ಲಿ

ಇದು ಈಚಿನ ಕಾಲದ ಶೋಕಿ, ಮೊಬೈಲಿನಿಂದ ಬಂದ ಕೇಡು ಎಂದು ಹೇಳುವವರನ್ನು ಕಂಡಿದ್ದೇವೆ. ನಮ್ಮ ಗ್ರಂಥಗಳು ಹಾಗೆ ಹೇಳುವುದಿಲ್ಲ. ಚರಕ ಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದಲ್ಲಿ ಗಂಡು ಹೆಣ್ಣೆಂಬ ಸಾಮಾನ್ಯ ವಿಭಾಗಕ್ಕೆ ಒಳಪಡದ ಎಂಟು ಪ್ರಭೇದಗಳ ಪ್ರಸ್ತಾಪವಿದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿಯೂ ಇಂಥ ವಿವರಣೆಯಿದೆ. ಈ ಆಚಾರ್ಯರು ದೇಹರಚನೆ, ಸಂತಾನಶಕ್ತಿ, ಕಾಮಪ್ರವೃತ್ತಿ ಮೂರನ್ನೂ ಒಟ್ಟಿಗೆ ಸೇರಿಸಿ ಹೇಳಿದ್ದಾರೆ. ಆದುದರಿಂದ ಇಂದಿನ ತಿಳಿವಳಿಕೆಯನ್ನು ಅಲ್ಲಿಗೆ ಹಾಗೆಯೇ ಹೊಂದಿಸಲು ಬರುವುದಿಲ್ಲ. ಆದರೆ ಒಂದು ಅಂಶ ಗಮನಾರ್ಹವಾಗಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣವನ್ನು ಅವರು ಗರ್ಭಾಧಾನದ ಮತ್ತು ಗರ್ಭಾವಸ್ಥೆಯ ಕಾಲದಲ್ಲಿ ಹುಡುಕಿದರೇ ಹೊರತು ಮಗುವಿನ ಹಟದಲ್ಲಿ ಹುಡುಕಲಿಲ್ಲ.

ಇಂದಿನ ವಿಜ್ಞಾನವು ವಂಶವಾಹಿಗಳು, ಗರ್ಭದಲ್ಲಿನ ಹಾರ್ಮೋನುಗಳು ಮುಂತಾದವನ್ನು ಪರಿಶೀಲಿಸುತ್ತಿದೆ. ಇದೇ ಕಾರಣವೆಂದು ಒಂದನ್ನೇ ಬೆರಳು ಮಾಡಿ ತೋರಿಸಲು ಸಾಧ್ಯವಾಗಿಲ್ಲ. ತಾಯಿಯ ಮುದ್ದಿನಿಂದಾಗಲಿ, ತಂದೆಯ ಸಡಿಲಿಕೆಯಿಂದಾಗಲಿ, ಸಹವಾಸದಿಂದಾಗಲಿ ಇದು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. 2019ರಲ್ಲಿ ಅಂಗೀಕಾರವಾದ ಆ ವರ್ಗೀಕರಣ 2022ರ ಜನವರಿ 1ರಿಂದ ಜಾರಿಯಲ್ಲಿದೆ.

ಲೇಹ್ಯ ಕೇಳಿದ ತಂದೆ

ಕೆಲವು ವರ್ಷಗಳ ಹಿಂದೆ ಮೈಸೂರಿನ ನಮ್ಮ ಚಿಕಿತ್ಸಾಲಯಕ್ಕೆ ದಂಪತಿಗಳಿಬ್ಬರು ಪಿಯುಸಿ ಓದುತ್ತಿದ್ದ ಮಗನನ್ನು ಕರೆತಂದರು. ನಂಜನಗೂಡಿಗೆ ಹರಕೆ ಹೊತ್ತದ್ದಾಗಿತ್ತು, ತಾಯಿತ ಕಟ್ಟಿಸಿದ್ದಾಗಿತ್ತು. “ಎಷ್ಟು ಖರ್ಚಾದರೂ ಆಗಲಿ ಡಾಕ್ಟ್ರೇ, ಇವನಿಗೆ ಗಂಡಸುತನ ಬರುವ ಹಾಗೆ ಒಂದು ಲೇಹ್ಯ ಕೊಡಿ” ಎಂದು ತಂದೆ ಕೇಳಿದರು. ಮಗು ತಲೆ ಎತ್ತಲಿಲ್ಲ. ನಾಡಿ ನೋಡುವಾಗ ಕೈ ತಣ್ಣಗಿತ್ತು. ವಿಚಾರಿಸಿದಾಗ ತಿಂಗಳುಗಳಿಂದ ನಿದ್ರೆಯಿಲ್ಲ, ಹಸಿವಿಲ್ಲ, ಮೈ ಇಳಿದಿದೆ ಎಂದು ತಿಳಿಯಿತು. ಮನೆಯಲ್ಲಿ ಎಲ್ಲರೊಡನೆ ಊಟಕ್ಕೆ ಕೂರಬಾರದೆಂದು ಕಟ್ಟು ಮಾಡಿದ್ದರು. ‘ಸಾಯಬೇಕೆನಿಸುತ್ತದೆಯೇ?’ ಎಂದು ಒಬ್ಬೊಂಟಿಯಾಗಿ ಕರೆದು ಕೇಳಿದಾಗ ಮಗು ಹೌದೆಂದಿತು.

ಅಂದು ನಾವು ಹೇಳಿದ್ದು ಇಷ್ಟೇ: ಗಂಡೆಂಬ ಅಥವಾ ಹೆಣ್ಣೆಂಬ ಅರಿವನ್ನು ಬದಲಿಸುವ ಲೇಹ್ಯ, ಚೂರ್ಣ, ಪಂಚಕರ್ಮ ಆಯುರ್ವೇದದಲ್ಲಿ ಇಲ್ಲ. ಇದೆಯೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ. ನಿದ್ರೆಗೂ ಹಸಿವಿಗೂ ಚಿಕಿತ್ಸೆ ಮಾಡೋಣ. ಸಾವಿನ ಯೋಚನೆ ಬಂದಿರುವುದರಿಂದ ಮನೋವೈದ್ಯರನ್ನು ಇಂದೇ ಕಾಣಬೇಕು. ಇಂದು ರಾತ್ರಿಯಿಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಬೇಕು.

ತಾಯಿ ಒಪ್ಪಿದರು. ತಂದೆ ಒಪ್ಪಲಿಲ್ಲ, ಆದರೆ ಊಟಕ್ಕೆ ಕೂರಿಸಿಕೊಂಡರು. ಮೂರು ತಿಂಗಳಲ್ಲಿ ಮಗುವಿನ ತೂಕ ಮರಳಿತು. ಆ ಮಗು ಪದವಿ ಮುಗಿಸಿ ಇಂದು ಹೆಣ್ಣಾಗಿ ಬಾಳುತ್ತ ಉದ್ಯೋಗದಲ್ಲಿದೆ. ತಂದೆಯ ಮನಸ್ಸು ಪೂರ್ತಿ ತಿಳಿಯಾಗಿಲ್ಲ. ಆದರೂ ಹಬ್ಬಕ್ಕೆ ಬಾ ಎಂದು ಅವರೇ ಫೋನು ಮಾಡುತ್ತಾರೆಂದು ಕೇಳಿದ್ದೇವೆ.

ಬೆದರಿಕೆ, ವಿದ್ಯುತ್ ಆಘಾತ, ಔಷಧ, ಉಪದೇಶಗಳಿಂದ ಇವರನ್ನು ‘ಸರಿಪಡಿಸಲು’ ಯತ್ನಿಸುವುದನ್ನು ಪರಿವರ್ತನಾ ಚಿಕಿತ್ಸೆಯೆನ್ನುತ್ತಾರೆ. 2021ರಲ್ಲಿ ಮದ್ರಾಸ್ ಹೈಕೋರ್ಟು ಇದರ ವಿರುದ್ಧ ನಿರ್ದೇಶನ ನೀಡಿತು. 2022ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನು ವೃತ್ತಿ ದುರ್ನಡತೆಯೆಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಆ ಆಯೋಗವು ಅಲೋಪಥಿ ವೈದ್ಯರದ್ದಾದರೂ, ಅದರ ಮಾತು ಆಯುರ್ವೇದ ವೈದ್ಯರ ಆತ್ಮಸಾಕ್ಷಿಗೂ ಸಲ್ಲುತ್ತದೆಂದು ನಾವು ಭಾವಿಸುತ್ತೇವೆ. ನಮ್ಮ ಶಾಸ್ತ್ರದ ಸತ್ವಾವಜಯ ಚಿಕಿತ್ಸೆಯು ಭಯ, ಶೋಕಗಳಿಂದ ಮನಸ್ಸನ್ನು ಬಿಡಿಸುವುದಕ್ಕಾಗಿ ಇದೆ. ಒಬ್ಬರ ಅರಿವನ್ನು ಮುರಿಯಲು ಅದನ್ನು ಬಳಸುವುದು ಸಲ್ಲದು.

ಮಂಜಮ್ಮ ಜೋಗತಿಯವರ ಬಾಳು

ಮನೆ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನೂ, ಒಂದು ಕೈ ಹಿಡಿದರೆ ಏನಾಗುತ್ತದೆ ಎಂಬುದನ್ನೂ ನಮ್ಮ ನಾಡಿನ ಮಂಜಮ್ಮ ಜೋಗತಿಯವರ ಬಾಳಿನಲ್ಲಿ ಕಾಣಬಹುದು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರು ಎಳೆಯ ಪ್ರಾಯದಲ್ಲಿಯೇ ತಮ್ಮನ್ನು ಹೆಣ್ಣೆಂದು ಅರಿತರು. ಮನೆಯಿಂದ ದೂರವಾಗಿ, ಬೀದಿಯಲ್ಲಿ ಭಿಕ್ಷೆ ಬೇಡಿ, ಒಮ್ಮೆ ವಿಷ ಕುಡಿದು ಬದುಕಿ ಉಳಿದರು. ಆ ಬಳಿಕ ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತು, ಎಲ್ಲಮ್ಮನ ಕಥೆಗಳನ್ನು ಹಾಡುತ್ತ ಕುಣಿಯುತ್ತ ನಾಡನ್ನೆಲ್ಲ ಸುತ್ತಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಅವರೇ ಮೊದಲಿಗರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಹರಸಿದ ದೃಶ್ಯವನ್ನು ನಾಡೆಲ್ಲ ನೋಡಿತು.

ವಿಷ ಕುಡಿದ ಆ ದಿನ ಅವರು ಉಳಿಯದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಹಾಗೆ ಉಳಿಯದೆ ಹೋದ ಮಕ್ಕಳ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ತಂದೆತಾಯಿಯರು ಮಾಡಬೇಕಾದುದು

ಮಗು ತನ್ನ ಮನಸ್ಸನ್ನು ಹೇಳಿಕೊಂಡಾಗ ಮೊದಲು ಕೇಳಿಸಿಕೊಳ್ಳಿರಿ. ಆಗ ಅಳು ಬಂದರೂ ಸರಿಯೇ, ಕೈ ಎತ್ತಬೇಡಿರಿ. ‘ನೀನು ನಮ್ಮ ಮಗುವೇ’ ಎಂಬ ಮಾತು ಅಂದೇ ಅದರ ಕಿವಿಗೆ ಬೀಳಲಿ. ಉಳಿದುದನ್ನು ನಿಧಾನವಾಗಿ ತಿಳಿಯಬಹುದು.

ಮದುವೆ ಮಾಡಿದರೆ ಸರಿಹೋಗುತ್ತದೆಂದು ಅವಸರದಲ್ಲಿ ಮದುವೆ ಮಾಡಬೇಡಿರಿ. ಅದರಿಂದ ಇನ್ನೊಂದು ಮನೆಯ ಮಗುವಿನ ಬಾಳೂ ಕೆಡುತ್ತದೆ. ಓದನ್ನು ನಿಲ್ಲಿಸಬೇಡಿರಿ, ಓದು ನಿಂತವರಿಗೆ ಸಿಗ್ನಲ್ಲಿನಲ್ಲಿ ಕೈಚಾಚುವ ಬದುಕೇ ಗತಿಯಾಗುತ್ತದೆ. ಮಗು ಬಯಸುವ ಹೆಸರಿನಿಂದ ಕರೆಯಿರಿ. ನೆಂಟರು ಕೇಳಿದರೆ ಉತ್ತರ ಹೇಳುವ ಹೊಣೆ ಹಿರಿಯರದು. ಅದನ್ನು ಮಗುವಿನ ಮೇಲೆ ಹಾಕಬಾರದು.

ಧ್ವನಿ ಒಡೆಯುವ, ಸ್ತನ ಬೆಳೆಯುವ, ಮುಟ್ಟು ಆರಂಭವಾಗುವ ವಯಸ್ಸಿನಲ್ಲಿ ಇವರ ಸಂಕಟ ಹೆಚ್ಚುತ್ತದೆ. ಊಟ ಬಿಡುವುದು, ಕೋಣೆ ಸೇರುವುದು, ಮೈಮೇಲೆ ಗಾಯ ಮಾಡಿಕೊಳ್ಳುವುದು, ಸಾವಿನ ಮಾತಾಡುವುದು ಕಂಡರೆ ತಡಮಾಡದೆ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಮನೋವೈದ್ಯರ ಕೆಲಸ ಮಗುವಿನ ಸಂಕಟವನ್ನು ಇಳಿಸುವುದು, ಮಗುವನ್ನು ಬದಲಿಸುವುದಲ್ಲ.

ದೇಹದ ಆರೈಕೆ

ಎಲ್ಲರೂ ಹಾರ್ಮೋನು ಅಥವಾ ಶಸ್ತ್ರಚಿಕಿತ್ಸೆ ಬಯಸುವುದಿಲ್ಲ. ಬಯಸುವವರು ಪ್ರಾಯಕ್ಕೆ ಬಂದ ಮೇಲೆ ತಜ್ಞರ ಸಲಹೆಯಿಂದಲೇ ಮುಂದುವರಿಯಬೇಕು. ಗೆಳೆಯರ ಮಾತು ಕೇಳಿ ಔಷಧದಂಗಡಿಯಿಂದ ಗರ್ಭನಿರೋಧಕ ಮಾತ್ರೆಗಳನ್ನು ತಂದು ಲೆಕ್ಕವಿಲ್ಲದೆ ನುಂಗುವವರನ್ನು ಕಂಡಿದ್ದೇವೆ. ಅದರಿಂದ ಕಾಲಿನ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಧೂಮಪಾನಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಪುರುಷ ಹಾರ್ಮೋನು ಪಡೆಯುವವರಲ್ಲಿ ರಕ್ತದ ಸಾಂದ್ರತೆ ಏರಬಹುದು. ಆದುದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಕಲಿಯದವರ ಕೈಯಲ್ಲಿ ಅಂಗವನ್ನು ಕತ್ತರಿಸಿಕೊಂಡು ರಕ್ತಸ್ರಾವ, ನಂಜು, ಮೂತ್ರನಾಳ ಕಟ್ಟಿಕೊಳ್ಳುವಿಕೆಗಳಿಂದ ನರಳಿದವರಿದ್ದಾರೆ. ಇದನ್ನು ಎಂದಿಗೂ ಮಾಡಿಸಿಕೊಳ್ಳಬಾರದು.

ಧ್ವನಿಯನ್ನು ಹೊಂದಿಸಿಕೊಳ್ಳಲು ವಾಕ್ ತಜ್ಞರ ಅಭ್ಯಾಸಕ್ರಮಗಳಿವೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಬಗ್ಗೆ ವಿಚಾರಿಸಬಹುದು. ಆಯುರ್ವೇದವು ಜೀರ್ಣಶಕ್ತಿ, ನಿದ್ರೆ, ದಿನಚರಿಗಳನ್ನು ಸರಿಪಡಿಸಲು ನೆರವಾಗಬಲ್ಲದು. ಹಾರ್ಮೋನು ಪಡೆಯುತ್ತಿರುವವರು ಆಯುರ್ವೇದ ಔಷಧ ಸೇವಿಸುವ ಮೊದಲು ಎರಡೂ ವೈದ್ಯರಿಗೆ ಎಲ್ಲವನ್ನೂ ತಿಳಿಸಬೇಕು.

ಕಾನೂನಿನ ಆಸರೆ

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣದಲ್ಲಿ ಇವರ ಸಮಾನ ಹಕ್ಕುಗಳನ್ನು ಎತ್ತಿಹಿಡಿಯಿತು. 2019ರ ಕಾಯ್ದೆಯು ಶಿಕ್ಷಣ, ಉದ್ಯೋಗ, ಆಸ್ಪತ್ರೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. ಲಿಂಗತ್ವದ ಕಾರಣಕ್ಕಾಗಿ ಮಗುವನ್ನು ತಂದೆತಾಯಿಯರಿಂದ ಬೇರ್ಪಡಿಸಬಾರದೆಂದೂ, ತನ್ನ ಮನೆಯಲ್ಲಿ ವಾಸಿಸುವ ಹಕ್ಕು ಅವರಿಗಿದೆಯೆಂದೂ ಅದರ 12ನೆಯ ಪ್ರಕರಣ ಹೇಳಿತು. ಗುರುತಿನ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗಳು ನೀಡುತ್ತಾರೆ. ಅರ್ಜಿಯ ಕ್ರಮ ಕಾಲಕಾಲಕ್ಕೆ ಬದಲಾಗುವುದರಿಂದ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ನಮ್ಮ ರಾಜ್ಯವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿಯನ್ನು ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ನೀಡಿದ ಮೊದಲ ರಾಜ್ಯವೂ ಕರ್ನಾಟಕವೇ. ಮೈತ್ರಿ ಯೋಜನೆಯ ಮಾಸಾಶನದ ಬಗ್ಗೆ ನಾಡಕಚೇರಿಯಲ್ಲಿ ಕೇಳಬಹುದು.

ಭಕ್ತರಲ್ಲಿ ಅರಿಕೆ

ವೈದ್ಯನ ನಡತೆಯನ್ನು ಹೇಳುವಾಗ ಚರಕಾಚಾರ್ಯರು ಮೊದಲು ಹೇಳಿದ್ದು ಮೈತ್ರಿಯನ್ನು, ಅದರ ಹಿಂದೆಯೇ ಕಾರುಣ್ಯವನ್ನು. ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬುದನ್ನು ಜೇಡರ ದಾಸಿಮಯ್ಯನವರು ಸಾವಿರ ವರ್ಷಗಳ ಆಸುಪಾಸಿನಲ್ಲಿಯೇ ನಮಗೆ ತಿಳಿಸಿದ್ದಾರೆ. ಅರ್ಧನಾರೀಶ್ವರನಿಗೆ ಕೈಮುಗಿಯುವ ನಾವು, ಜಾತ್ರೆಯ ದಾಸೋಹದ ಪಂಕ್ತಿಯಲ್ಲಿ ಇಂಥವರೊಬ್ಬರು ಬಂದು ಕುಳಿತಾಗ ಪಕ್ಕಕ್ಕೆ ಸರಿದು ಕೂರಬಾರದು. ಎಲೆ ಹಾಕಿ ಬಡಿಸಬೇಕು, ‘ಊಟ ಸಾಕಾಯಿತೇ ಅಮ್ಮ?’ ಎಂದು ಕೇಳಬೇಕು. ಅಂಗಡಿಯಿದ್ದವರು ಕೆಲಸ ಕೊಡಬಹುದು, ಮನೆಯಿದ್ದವರು ಬಾಡಿಗೆಗೆ ಕೊಡಬಹುದು, ಶಿಕ್ಷಕರು ತರಗತಿಯಲ್ಲಿ ಅಣಕವನ್ನು ತಡೆಯಬಹುದು.

ಓದುಗರ ಮನೆಯಲ್ಲಿಯೇ ಇಂಥ ಮಗುವಿದ್ದರೆ, ಇಂದು ರಾತ್ರಿ ಅದನ್ನು ಊಟಕ್ಕೆ ಕರೆಯಿರಿ. ಮನೆ ಬಿಟ್ಟು ಹೋಗಿದ್ದರೆ ಫೋನು ಮಾಡಿ, ಬಾಗಿಲು ತೆರೆದಿದೆಯೆಂದು ಹೇಳಿರಿ. ನಮ್ಮ ನಲವತ್ತು ವರ್ಷಗಳ ವೃತ್ತಿಯಲ್ಲಿ ಇದಕ್ಕಿಂತ ಬೇಗ ಫಲ ಕೊಟ್ಟ ಚಿಕಿತ್ಸೆಯನ್ನು ಈ ಮಕ್ಕಳಲ್ಲಿ ನಾವು ಕಂಡಿಲ್ಲ.