ಹೊಗೆಸೊಪ್ಪಿನ ಹಕ್ಕಿಗೆ ಬೆಲೆ ಕಟ್ಟಿದ ಬಗೆ

ಅಮೆರಿಕದ ಕೆಂಟಕಿ, ಉತ್ತರ ಕೆರೊಲಿನಾ ಮುಂತಾದ ರಾಜ್ಯಗಳ ಹಳ್ಳಿಗಾಡಿನ ಕೌಂಟಿಗಳಲ್ಲಿ 2005ರಿಂದ 2014ರವರೆಗೆ ಸಾವಿರಾರು ಕುಟುಂಬಗಳಿಗೆ ಹೊಗೆಸೊಪ್ಪಿನ ಹೆಸರಿನಲ್ಲಿ ಪ್ರತಿವರ್ಷ ಹಣ ಸಂದಾಯವಾಯಿತು. ತಂಬಾಕು ಹಾನಿಕರವೆಂದು ಸಾರುವ ಸರ್ಕಾರವೇ ಅದರ ಬೆಳೆಗಾರನಿಗೆ ಹಣ ಕೊಡುವುದೇಕೆ ಎಂದು ಓದುಗರು ಕೇಳಬಹುದು. ವಸ್ತುತಃ ಅದು ಬೆಳೆ ಬೆಳೆಯಲು ಕೊಟ್ಟ ಸಹಾಯಧನವಲ್ಲ. ಹಳೆಯ ಹಕ್ಕೊಂದನ್ನು ಹಿಂಪಡೆಯಲು ತೆತ್ತ ಬೆಲೆ.

ಆ ಹಕ್ಕಿನ ಮೂಲ 1938ರ ಕೃಷಿ ಕಾಯಿದೆಯಲ್ಲಿದೆ. ಯಾವ ಜಮೀನಿನಿಂದ ಎಷ್ಟು ಹೊಗೆಸೊಪ್ಪು ಮಾರಾಟವಾಗಬಹುದೆಂಬ ಕೋಟಾವನ್ನು ಸರ್ಕಾರ ನಿಗದಿಪಡಿಸುತ್ತಿತ್ತು. ಪ್ರತಿಯಾಗಿ ಕನಿಷ್ಠ ಬೆಲೆಯ ಭರವಸೆ ನೀಡುತ್ತಿತ್ತು. ಕೋಟಾ ಜಮೀನಿಗೆ ಅಂಟಿಕೊಂಡಿದ್ದು, ಸಾಮಾನ್ಯವಾಗಿ ಕೌಂಟಿಯ ಗಡಿ ದಾಟುವಂತಿರಲಿಲ್ಲ. ಕಾಲಕ್ರಮದಲ್ಲಿ ಅದೇ ಒಂದು ಆಸ್ತಿಯಾಯಿತು. ಬೇಸಾಯ ಬಿಟ್ಟ ವೃದ್ಧರು, ವಿಧವೆಯರು, ನಗರ ಸೇರಿದ ಮಕ್ಕಳು ಕೋಟಾವನ್ನು ಗೇಣಿಗೆ ಕೊಟ್ಟು ಆದಾಯ ಪಡೆದರು. ಆ ಗೇಣಿಯ ಹೊರೆ ದುಡಿಯುವ ರೈತನ ಮೇಲೆ ಬಿದ್ದಿತು. ಹೊರದೇಶಗಳ ಅಗ್ಗದ ಸೊಪ್ಪು ಬರತೊಡಗಿದಾಗ, ಸಿಗರೇಟಿನ ಬಳಕೆಯೂ ಇಳಿದಾಗ, ಈ ವ್ಯವಸ್ಥೆ ಕುಸಿಯಿತು.

2004ರ ಅಕ್ಟೋಬರಿನಲ್ಲಿ ಬಂದ ಕಾಯಿದೆಯು ಕೋಟಾ ಪದ್ಧತಿಯನ್ನು ರದ್ದುಪಡಿಸಿತು. ಕೋಟಾದ ಪ್ರತಿ ಪೌಂಡಿಗೆ ಒಡೆಯನಿಗೆ 7 ಡಾಲರ್, ಬೆಳೆದವನಿಗೆ 3 ಡಾಲರ್, ಹತ್ತು ವಾರ್ಷಿಕ ಕಂತುಗಳಲ್ಲಿ. ಸಾವಿರ ಪೌಂಡಿನ ಕೋಟಾ ಹೊಂದಿ ತಾನೇ ಬೆಳೆದವನಿಗೆ ವರ್ಷಕ್ಕೆ 1,000 ಡಾಲರ್. ಗೇಣಿಗೆ ಪಡೆದು ಬೆಳೆದವನಿಗೆ ಕೇವಲ 300. ಒಟ್ಟು ಮೊತ್ತ ಸುಮಾರು 960 ಕೋಟಿ ಡಾಲರ್. ಇದನ್ನು ತಂಬಾಕು ತಯಾರಕರು ಮತ್ತು ಆಮದುದಾರರಿಂದ ವಸೂಲು ಮಾಡಲಾಯಿತು.

ಪರಿಣಾಮವೇನು? 2002ರಲ್ಲಿ ಸುಮಾರು 57 ಸಾವಿರವಿದ್ದ ಹೊಗೆಸೊಪ್ಪಿನ ಹಿಡುವಳಿಗಳು 2022ರ ಕೃಷಿ ಗಣತಿಯ ವೇಳೆಗೆ ಸುಮಾರು 3 ಸಾವಿರಕ್ಕೆ ಇಳಿದವು. ಆದರೆ ಉತ್ಪಾದನೆ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಉಳಿದವರ ಹಿಡುವಳಿಗಳು ದೊಡ್ಡವಾದವು. ಕೆಂಟಕಿಯು ಸಿಗರೇಟು ಕಂಪನಿಗಳೊಂದಿಗಿನ 1998ರ ಒಪ್ಪಂದದಿಂದ ತನಗೆ ಬಂದ ಹಣದ ಅರ್ಧಭಾಗವನ್ನು ಕೃಷಿ ಅಭಿವೃದ್ಧಿಗೆ ಮೀಸಲಿಟ್ಟಿತು. ಬೆಳೆಗಾರನಿಗೆ ಪರಿಹಾರದ ಜೊತೆಗೆ ಮುಂದಿನ ದಾರಿಯೂ ಬೇಕೆಂಬುದನ್ನು ಆ ರಾಜ್ಯ ಮನಗಂಡಿತ್ತು.

ಇದು ನಮ್ಮ ನಾಡಿಗೂ ಸಂಬಂಧಿಸಿದ ವಿಚಾರ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಅರಕಲಗೂಡು ತಾಲ್ಲೂಕುಗಳ ಬಂಧುಗಳು ನಮ್ಮಲ್ಲಿ ಅನೇಕರಿಗಿದ್ದಾರೆ. ಅಲ್ಲಿನ ವರ್ಜೀನಿಯಾ ಬೆಳೆಗಾರರು ತಂಬಾಕು ಮಂಡಳಿಯಲ್ಲಿ ನೋಂದಾಯಿಸಿಕೊಂಡು, ನಿಗದಿತ ಪ್ರಮಾಣದಲ್ಲಿ ಬೆಳೆದು, ಬ್ಯಾರನ್‌ನಲ್ಲಿ ಹದಗೊಳಿಸಿ, ಹರಾಜಿನಲ್ಲಿ ಮಾರುತ್ತಾರೆ. ಪ್ರಮಾಣಕ್ಕೆ ಮಿತಿಯುಂಟು, ಅಮೆರಿಕದಲ್ಲಿದ್ದಂಥ ಬೆಲೆಯ ಭರವಸೆಯಿಲ್ಲ. ಸಾಲ ಮಾಡಿ ಕಟ್ಟಿಸಿದ ಬ್ಯಾರನ್ ರಾಗಿಗಾಗಲಿ ಜೋಳಕ್ಕಾಗಲಿ ಉಪಯೋಗವಾಗದು. ಕೇಂದ್ರದ ಬೆಳೆ ವೈವಿಧ್ಯೀಕರಣ ಕಾರ್ಯಕ್ರಮವನ್ನು 2015-16ರಲ್ಲಿ ಕರ್ನಾಟಕವೂ ಸೇರಿದಂತೆ ತಂಬಾಕು ಬೆಳೆಯುವ ರಾಜ್ಯಗಳಿಗೆ ವಿಸ್ತರಿಸಲಾಯಿತು. ಆದರೆ ಪರ್ಯಾಯ ಬೆಳೆಯ ಬೀಜ ಕೊಡುವುದು ಬೇರೆ, ಕೈಬಿಟ್ಟ ಬ್ಯಾರನ್ನಿಗೆ ಬೆಲೆ ಕಟ್ಟುವುದು ಬೇರೆ.

ಮುಂದೊಂದು ದಿನ ನಮ್ಮಲ್ಲಿಯೂ ಅಂಥ ಪರಿಹಾರದ ಮಾತು ಬಂದರೆ, ಹಣ ಯಾರ ಕೈಸೇರಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕು. ಊರಿನಲ್ಲಿ ಜಮೀನು ಉಳಿಸಿಕೊಂಡು ನಗರದಲ್ಲಿ ನೆಲೆಸಿದ ನಮ್ಮಂಥವರಿಗಿಂತ, ಬ್ಯಾರನ್ನಿನ ಬೆಂಕಿಯ ಮುಂದೆ ರಾತ್ರಿಯೆಲ್ಲ ಎಚ್ಚರವಿರುವವನ ಪಾಲು ಕಡಿಮೆಯಾಗಬಾರದು ಎಂಬುದು ನಮ್ಮ ಅಭಿಪ್ರಾಯ.